ಮುರಿದ ಹಲ್ಲಿನ ಸಿಳ್ಳೆ

ಬಾಲ ಎತ್ತಿತು, ಇಳಿಸಿತು, ಮತ್ತೆ ಎತ್ತಿತು — ಕಿಟಕಿಯಾಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಡಿವಾಳ ಹಕ್ಕಿ, ಬೆನ್ನು ಮಿರಮಿರ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯಲ್ಲೊಂದು ಬಿಳಿ ಪಟ್ಟೆ, ಮದ್ವೆಗಂಡು ಕೋಟು ಹಾಕ್ಕೊಂಡಂಗದೆ ನೋಡು ಅಂದಿದ್ದರು ನಮ್ಮ ಯಜಮಾನರು, ಹೆಣ್ಣು ಮಾತ್ರ ಬೂದಿ ಬಣ್ಣ, ನಿನ್ನಂಗೇ, ಸದ್ದೇ ಇಲ್ಲ, ಅಂದು ನಕ್ಕಾಗ ಮುಂದಿನ ಮುರಿದ ಹಲ್ಲು ಕಂಡಿತ್ತು. ಈಗ ಹೆಣ್ಣು ನುಗ್ಗೆ ಮರದ ಪೊಟರೆಯಲ್ಲಿದೆ, ಗಂಡು ಹುಳ ಕಚ್ಚಿಕೊಂಡು ಹೋಗುತ್ತದೆ, ಬರುತ್ತದೆ, ಮರಿಗಳಿರಬೇಕು, ಅದಕ್ಕೇ ಇವತ್ತು ಇನ್ನೂ ಸಿಳ್ಳೆ ಹಾಕಿಲ್ಲ, ಅಪ್ಪನೂ ಇನ್ನೂ ಬಂದಿಲ್ಲ, ಮೊದಲ ಬಸ್ಸಿಗೇ ಬತ್ತೀನಿ, ಬಟ್ಟೆಬರೆ ಕಟ್ಟಿಟ್ಕೊಂಡಿರವ್ವ, ಇನ್ನು ಅಲ್ಲೇನದೆ ನಿಂಗೆ, ಅಂದಿದ್ದರು ಫೋನಿನಲ್ಲಿ. ಬ್ಯಾಗು ಬಾಗಿಲ ಹತ್ತಿರವಿದೆ. ಹೋದ ವರ್ಷ ಆಷಾಢಕ್ಕೆ ಕರೆದುಕೊಂಡು ಹೋಗಿ ಶ್ರಾವಣಕ್ಕೆ ತಂದು ಬಿಟ್ಟಿದ್ದರು, ಇದು ಆಷಾಢವಲ್ಲ, ಈ ಸಲ ಹೋದರೆ ತಂದು ಬಿಡುವುದಿಲ್ಲ, ಯಾರಿದ್ದಾರೆ ಅಂತ ಬಿಡುತ್ತಾರೆ — ಅತ್ತೆ ಇದ್ದಾರೆ, ಸಾಕಮ್ಮ, ಒಳಗೆ ಚಾಪೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ.

ಹೆಬ್ಬಾಳದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಶ್ರೀರಾಂಪುರದ ಬಸ್ಸಿಳಿದು, ಗೇಟಿನ ಬಳಿ ಬಂದು ಸಿಳ್ಳೆ ಹಾಕುತ್ತಿದ್ದರು ಯಜಮಾನರು, ಅಮ್ಮನ ಎದುರಿಗೆ ಹೆಂಡತಿಯ ಹೆಸರು ಕೂಗಲು ನಾಚಿಕೆ, ನಾನಂತೂ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ, ರೇಷನ್ ಅಂಗಡಿಯಲ್ಲಿ ಕೇಳಿದರೂ ಅತ್ತೆಯ ಮುಖ ನೋಡುವವಳು. ಸಿಳ್ಳೆ ಎರಡು ಸಲ ಏರಿ ಕೊನೆಗೆ ಇಳಿಯುತ್ತಿತ್ತು, ಇಳಿಯುವಾಗ ಮುರಿದ ಹಲ್ಲಿನ ಸಂದಿಯಲ್ಲಿ ಗಾಳಿ ಸೋರಿ ಸ್ಸ್ ಅಂತ, ಬಂದೆ ಅನ್ನುತ್ತಿದ್ದೆ, ಚಿಲಕ ತೆಗೆಯುತ್ತಿದ್ದೆ, ಕಬ್ಬಿಣದ ಚಿಲಕ, ಬೆಳಗಿನ ಹೊತ್ತು ತಣ್ಣಗೆ. ಹೋದ ಬೇಸಗೆಯೆಲ್ಲ ಈ ಹಕ್ಕಿ ನುಗ್ಗೆಯ ಮೇಲೆ ಕೂತು ಕೇಳಿಸಿಕೊಂಡಿತ್ತು, ಕತ್ತು ಓರೆ ಮಾಡಿ. ಸಂಕ್ರಾಂತಿ ಕಳೆದ ಮೇಲೆ ರಿಂಗ್ ರೋಡಿನಲ್ಲಿ ಲಾರಿ, ಆಮೇಲೆ ಗೇಟಿನ ಬಳಿ ಸಿಳ್ಳೆಯಿಲ್ಲ — ಆಗ ಹಕ್ಕಿಯೂ ಮೂಕ, ಚಳಿಯಲ್ಲಿ ಅದು ಹಾಡುವುದಿಲ್ಲ. ಯುಗಾದಿಯ ಬೆಳಿಗ್ಗೆ ಸಿಳ್ಳೆ ಬಂತು, ಏರಿ, ಏರಿ, ಇಳಿದು, ಸ್ಸ್, ಹಲ್ಲೇ ಇಲ್ಲದ ಹಕ್ಕಿಯ ಬಾಯಲ್ಲಿ ಅದೇ ಸ್ಸ್, ಅತ್ತೆ ನಿದ್ದೆಗಣ್ಣಲ್ಲಿ, ಬಾಗ್ಲು ತಗಿ ಕಣಮ್ಮ, ಸಿದ್ದೇಶ ಬಂದ. ತೆಗೆದೆ. ಅಂಗಳ ಖಾಲಿ. ಅಂದಿನಿಂದ ದಿನಾ ಅನ್ನುತ್ತಾರೆ, ದಿನಾ ತೆಗೆಯುತ್ತೇನೆ, ಚಿಲಕದ ಸದ್ದು ಕೇಳಿದ ಮೇಲೆ ಮಗ್ಗುಲಾಗಿ ಮತ್ತೆ ನಿದ್ದೆ ಹೋಗುತ್ತಾರೆ, ಅದು ಹಕ್ಕಿ ಕಣತ್ತೆ ಅಂತ ನಾನು ಹೇಳಿಲ್ಲ, ಎದ್ದ ಮೇಲೆ ಅವರೂ ಕೇಳುವುದಿಲ್ಲ. ಪಕ್ಕದ ಮನೆಯ ಶಾಂತಾದೇವಿ ಕೇಳಿದ್ದರು, ಬೆಳ್‌ಬೆಳಿಗ್ಗೆ ಯಾರಿಗಮ್ಮ ಬಾಗ್ಲು ತಗೀತೀಯ, ಹಾಲಿನವ್ನಿಗಾ, ಹೂಂ ಅಂದೆ. ಮಳೆ ಹಿಡಿದರೆ ಹಾಡು ನಿಲ್ಲುತ್ತದೆ, ಅಲ್ಲಿಯವರೆಗಾದರೂ, ನಾನು ಹೋದರೆ ಅತ್ತೆಯೇ ಎದ್ದು ತೆಗೆಯುತ್ತಾರೆ, ಖಾಲಿ ಅಂಗಳ ಅವರೇ ನೋಡುತ್ತಾರೆ —

ಗೇಟು ಕಿರ್ ಅಂತು. ಬಾಗ್ಲು ತಗಿಯವ್ವ, ಅಪ್ಪನ ದನಿ, ಬೇಗ ಹೊಂಡು, ಬಸ್ಸು ಹೋಯ್ತದೆ. ಹಕ್ಕಿ ಕಲ್ಲು ಬಿಟ್ಟು ನುಗ್ಗೆಗೆ ಹಾರುತ್ತದೆ, ಏರಿ, ಏರಿ, ಇಳಿದು, ಸ್ಸ್. ತಗಿ ಕಣಮ್ಮ, ಸಿದ್ದೇಶ ಬಂದ, ಗೋಡೆಯ ಕಡೆಯಿಂದ. ಕಾಲು ಬ್ಯಾಗನ್ನು ಬಾಗಿಲ ಹಿಂದಕ್ಕೆ ತಳ್ಳುತ್ತದೆ, ಬಂದೆ ಅನ್ನುತ್ತೇನೆ, ಯಾರಿಗೆ, ಬಂದೆ, ಕೈ ಚಿಲಕದ ಮೇಲೆ, ಚಿಲಕ ತಣ್ಣಗೆ, ಚಿಲಕ