ಏಳನೆಯ ಹಾಡು

ಮೇಣ ಇನ್ನೂ ಬೆಚ್ಚಗಿದೆ, ಮುಂದಿನ ಹಲ್ಲು ಕೂದಲೆಳೆಯಷ್ಟು ಎಡಕ್ಕೆ ವಾಲಿದೆ, ಹೆಬ್ಬೆರಳಲ್ಲಿ ಒತ್ತಿದರೆ ಸರಿಹೋದೀತು, ಕಿವಿಯಲ್ಲಿ ಮೂವರು ಅಕ್ಕತಂಗಿಯರ ರಾಕ್ ಆಲ್ಬಮ್, ಗಿಟಾರಿನ ಒಂದು ತಂತಿ ಸಡಿಲ, ಗೊತ್ತಿದ್ದೂ ಹಾಗೇ ಬಿಟ್ಟಿದ್ದಾರೆ, ಆ ಸಡಿಲವೇ ಚೆಂದ, ಇದು ಐದನೆಯದು, ಅಲ್ಲ, ನಾಲ್ಕನೆಯದು — ವರ್ಷದ ಹತ್ತು ಆಲ್ಬಮ್‌ಗಳ ಪಟ್ಟಿ ಇವತ್ತು ಹಾಕಬೇಕು, ಹನ್ನೊಂದು ವರ್ಷದಿಂದ ತಪ್ಪಿಸಿಲ್ಲ, ಹಾಡು ಕೇಳುವವರ ವಾಟ್ಸಾಪ್ ಗುಂಪಿನ ನಲವತ್ತು ಜನ ಬೆಳಿಗ್ಗೆಯಿಂದ ಪೀಡಿಸುತ್ತಿದ್ದಾರೆ, ಎಲ್ಲಿ ಗುರುಗಳೇ ಪಟ್ಟಿ, ಗುರುವಂತೆ ಗುರು, ದಂತವೈದ್ಯರು ಕಳಿಸಿದ ಅಚ್ಚಿಗೆ ಹಲ್ಲು ಕೂರಿಸಿ ಹೊಟ್ಟೆ ಹೊರೆಯುವವನು, ಯಾರ ಬಾಯೋ ಯಾರ ನಗುವೋ, ಮೂರನೆಯದು ಹಿಪ್‌ಹಾಪ್, ಬಸ್ ಓಡಿಸುವ ಹೆಂಗಸು ಕೊನೆಯ ನಿಲ್ದಾಣದ ಖಾಲಿ ಬಸ್ಸಿನಲ್ಲಿ ಕೂತು ಹೇಳಿದ್ದು, ಸಾಲಿನ ನಡುವೆ ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ, ಎರಡನೆಯದು ಯಾವುದಾದರೂ ಆಗಲಿ, ಮೊದಲನೆಯದು ಯಾರದೆಂದು ಎಲ್ಲರಿಗೂ ಗೊತ್ತು, ಗುಡುಗನದು, ಅದನ್ನೊಂದು ಬರೆಯಲು ಕೈ ಏಳುತ್ತಿಲ್ಲ.

ಗುಡುಗ, ಶಾಲೆಯ ಬೆಂಚು ಬಡಿಯುತ್ತಿದ್ದ ಕಾಲದಿಂದ ಅದೇ ಹೆಸರು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವನ ಡ್ರಮ್ಮು, ನನ್ನ ಗಿಟಾರು, ನಾನು ಹಲ್ಲಿನ ಕೆಲಸ ಹಿಡಿದೆ, ಅವನು ಸಂಗೀತ ಬಿಡಲಿಲ್ಲ, ರಜೆಯಲ್ಲಿ ಮಾತ್ರ ಸೇರಿ ಏನಾದರೂ ನುಡಿಸಿ ರೆಕಾರ್ಡ್ ಮಾಡುತ್ತಿದ್ದೆವು, ಈ ವರ್ಷ ಅವನ ಹಿಪ್‌ಹಾಪ್ ಆಲ್ಬಮ್ ಬಂತು, ಬಸ್ಸಿನಲ್ಲಿ ನಿಂತು ಕೇಳುತ್ತಿದ್ದೆ, ಏಳನೆಯ ಹಾಡು, ತಾಳದ ಮೇಲೆ ಸ್ಸ್, ಸ್ಸ್, ಇದೆಂಥ ಶಬ್ದ, ಎಲ್ಲಿಂದ ತಂದ ಇವನು ಎಂದುಕೊಳ್ಳುವಷ್ಟರಲ್ಲಿ ಗುರುತು ಸಿಕ್ಕಿತು, ಅದು ನನ್ನ ತಪ್ಪಿನ ಶಬ್ದ, ನಾನೇ ಮೊದಲ ಬಾರಿ ಒಬ್ಬನೇ ಕೂತು ಮಾಡಿದ ಹಲ್ಲಿನ ಸೆಟ್ಟು, ಅಮ್ಮನಿಗೆ, ಮುಂದಿನ ಹಲ್ಲು ತುಸು ಮುಂದಾಗಿ ಸ ಅಂದಾಗಲೆಲ್ಲ ಗಾಳಿ ಸೋರುತ್ತಿತ್ತು, ಸರಿ ಮಾಡ್ಕೊಡ್ತೀನಿ ಬಿಡಮ್ಮ, ಇರ್ಲಿ ಬಿಡೋ, ಹುಟ್ಟಿದಾಗಿಂದ ಸೀಟಿ ಹೊಡೆಯೋಕೆ ಬರ್ತಿರ್ಲಿಲ್ಲ, ಈಗ ಬಂತಲ್ಲ — ಸರಿ ಮಾಡಿಕೊಡಲಿಲ್ಲ, ಮೂರು ವರ್ಷ ನಾಳೆ ನಾಳೆ ಎಂದೆ, ಹಾಡಿನಲ್ಲಿ ಡ್ರಮ್ಮು ನಿಂತಿತು, ಅಮ್ಮ ಮಾತಾಡಿದಳು, ಒಂದ್ಸಲ ಇಲ್ಲಿ ಕೇಳೋ, ಅಲ್ಲಿಗೆ ಕತ್ತರಿ, ಒಂದ್ಸಲ ಇಲ್ಲಿ ಕೇಳೋ, ಮತ್ತೆ ಕತ್ತರಿ, ಹದಿನಾರು ಸಲ.

ಸತ್ತು ಹದಿನಾಲ್ಕು ತಿಂಗಳಾದವಳು, ಗುಡುಗನ ಮನೆಗೆ ಓಡಿದೆ, ಬಾಗಿಲು ತೆರೆದವನೇ ತಬ್ಬಿಕೊಂಡ, ಕೇಳಿದ್ಯಾ, ಅಮ್ಮನಿಗೋಸ್ಕರಾನೇ ಮಾಡಿದ್ದು ಕಣೋ, ಎಷ್ಟು ಸಲ ಕೂರಿಸಿಕೊಂಡು ಊಟ ಬಡಿಸಿದ್ದಾರೆ ನಂಗೆ, ನಾನಂದೆ, ಕೇಳ್ದೆ ಕಣೋ, ಅಮ್ಮ ಬಾಗಿಲಿಗೆ ಬಂದ ದಿನದ ರೆಕಾರ್ಡಿಂಗ್ ಪೂರ್ತಿ ಕೊಡು, ಅಮ್ಮ ಆಮೇಲೆ ಏನಂದ್ಲು ಅಂತ ಕೇಳ್ಬೇಕು, ಅವನ ಮುಖ ಇಳಿಯಿತು, ಬೇಕಾದಷ್ಟೇ ಕತ್ತರಿಸಿ ಇಟ್ಕೊಂಡೆ, ಮಿಕ್ಕಿದ್ದು ಅಳಿಸಿಬಿಟ್ಟೆ, ಕಂಪ್ಯೂಟರಲ್ಲಿ ಜಾಗ ಇರ್ಲಿಲ್ಲ, ನಾನು ಡ್ರಮ್ಮಿನ ಹಿಂದೆ ಇದ್ದೆ, ಮೆತ್ತಗೆ ಏನೋ ಅಂದ್ರು, ನೀನೇ ಬಾಗಿಲ ಹತ್ರ ಕೂತಿದ್ಯಲ್ಲೋ, ನಿಂಗೆ ನೆನಪಿಲ್ವಾ — ನೆನಪಿಲ್ಲದ್ದಲ್ಲ, ಕೇಳಲೇ ಇಲ್ಲ, ಕಿವಿಗೆ ಹೆಡ್‌ಫೋನ್ ಇತ್ತು, ತೆಗೆಯದೆ ಕೈಯೆತ್ತಿದೆ, ಆಮೇಲೆ ಹೇಳಮ್ಮ ಎಂದೆ, ಅವಳು ಸ್ವಲ್ಪ ಹೊತ್ತು ನಿಂತು ಹೋದಳು, ತಿಂಗಳು ತುಂಬುವ ಮೊದಲೇ ಅಡುಗೆಮನೆಯಲ್ಲಿ ಕುಸಿದವಳು ಏಳಲಿಲ್ಲ, ಗುಡುಗ ಮಗುವಿನಂತೆ ಅತ್ತ, ಬೈಯಲು ಹೋದವನು ಬೈಯಲಿಲ್ಲ, ಅವನು ಮೂರು ಮಾತನ್ನಾದರೂ ಉಳಿಸಿದ್ದಾನೆ, ನಾನು ಏನು ಉಳಿಸಿದೆ.

ಕಳೆದ ವಾರ ಅವನ ಕಾರ್ಯಕ್ರಮ, ಮುನ್ನೂರು ಜನ ಒಂದೇ ಗಂಟಲಲ್ಲಿ ಕೂಗಿದರು, ಒಂದ್ಸಲ ಇಲ್ಲಿ ಕೇಳೋ, ಪಕ್ಕದ ಹುಡುಗಿ ಬೆವರುತ್ತಾ ಕುಣಿಯುತ್ತಿದ್ದಳು, ಆ ಅಜ್ಜಿ ಧ್ವನಿ ಸೂಪರ್ ಅಲ್ವಾ ಸಾರ್, ಹೌದಮ್ಮ, ಸೂಪರ್, ಹೊರಗೆ ಬಂದು ಗೋಡೆಗೆ ಹಣೆಯಿಟ್ಟು ನಿಂತೆ, ಗೋಡೆಯೂ ನಡುಗುತ್ತಿತ್ತು — ಏನಪ್ಪಾ, ಮೇಲಿನ ಸಾಲು ಮುಗೀತಾ, ಡಾಕ್ಟ್ರು ಎರಡು ಸಲ ಫೋನ್ ಮಾಡಿದ್ರು, ಲ್ಯಾಬಿನ ಯಜಮಾನರು, ಆಯ್ತು ಸಾರ್, ಹತ್ತು ನಿಮಿಷ, ಮೇಣದ ಕೈಯಲ್ಲೇ ಫೋನಿನಲ್ಲಿ ಪಟ್ಟಿ ಒತ್ತುತ್ತೇನೆ, ಒಂದು, ಗುಡುಗ, ಕಾರಣದ ಜಾಗ ಖಾಲಿ, ಕಳಿಸಿದೆ, ಗೊತ್ತಿತ್ತು ಗುರುಗಳೇ, ಚಪ್ಪಾಳೆ, ಚಪ್ಪಾಳೆ, ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ, ಉಜ್ಜುವ ಯಂತ್ರದ ಗುಂಯ್ ಮಾತ್ರ, ಈ ಕೆಲಸ ಕಲಿಯುವಾಗ ಹೇಳಿಕೊಟ್ಟಿದ್ದರು, ಸ ಅಂದರೆ ಹಲ್ಲು ಹತ್ತಿರ ಬರುತ್ತವೆ, ವ ಅಂದರೆ ಹಲ್ಲು ತುಟಿಗೆ ತಾಗುತ್ತದೆ, ಪ, ಬ, ಮ ಅಂದರೆ ತುಟಿ ಕೂಡಬೇಕು, ಆ ದಿನ ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ನೋಡಿದ್ದೆನಲ್ಲ, ಕೇಳದಿದ್ದರೂ ನೋಡಿದ್ದೆ, ತುಟಿ ಕೂಡಿತು, ತೆರೆಯಿತು, ಮತ್ತೆ ಕೂಡಿತು, ಬಾ ಅಂದಳೇ, ಬೇಡಪ್ಪ ಅಂದಳೇ, ಹಲ್ಲು ತುಟಿಗೆ ತಾಗಿತೇ, ನೋವು ಅಂದಳೇ, ಇಲ್ಲ, ಕೂಡಿತು, ಮತ್ತೆ ಕೂಡಿತು, ನನ್ನ ಕೈ ಮೇಲೆ, ಅವಳ ಒಂದು ಕಾಲು ಹೊಸ್ತಿಲೊಳಗೆ, ತುಟಿ ಕೂಡಿತು, ಬಾಯಿ ತೆರೆಯಿತು, ನಾನು ಕೂರಿಸಿದ ಹಲ್ಲುಗಳು ಕಂಡವು, ತುಟಿ ಕೂಡಿತು