ಎಲೆಯಂಚಿನ ಬಿಳಿಕಾಳು

ಐದಾರು ಜನ ಬರುತ್ತೇವೆಂದು ಫೋನು ಮಾಡಿದ್ದವರು ಶಿವನಿ ಸ್ಟೇಷನ್ನಿನಿಂದ ಎರಡು ಆಟೊ ತುಂಬ ಬಂದಿಳಿದಾಗ ಜವರಮ್ಮ ಬಾಗಿಲಲ್ಲೇ ತಲೆ ಎಣಿಸಿದಳು. ತರೀಕೆರೆಯಿಂದ ತರಿಸಿದ್ದ ಸಣ್ಣಕ್ಕಿ ಆಗಲೇ ಒಲೆಯ ಮೇಲಿತ್ತು. ಅರ್ಧ ಜನಕ್ಕೂ ಅದು ಸಾಲದು. ಹುಡುಗ ವಿಜಯ್ ಒಪ್ಪಿದ್ದಾನೆ, ಮಗಳು ಭೂಮಿಕಾಳಿಗಂತೂ ಅವನೆಂದರೆ ಜೀವ. ಗಂಡಿನವರು ಈ ಮನೆಯಲ್ಲಿ ಉಂಡು ತಾಂಬೂಲ ಹಿಡಿದರೆ ಸಂಬಂಧ ಗಟ್ಟಿ. ಇದೊಂದು ಊಟ ಸಾಂಗವಾಗಲಿ ಎಂದುಕೊಂಡರೆ ಅದಕ್ಕೂ ವಿಘ್ನವೇ!

ಮೂಲೆಯ ಡ್ರಮ್ಮಿನಲ್ಲಿ ರೇಷನ್ನಿನ ಸೊಸೈಟಿ ಅಕ್ಕಿಯಿತ್ತು. ಅದರಲ್ಲಿ ಅಲ್ಲಲ್ಲಿ ಸುಣ್ಣದಂಥ ಬಿಳಿಕಾಳು. ಪ್ಲಾಸ್ಟಿಕ್ಕು ಬೆರೆಸಿದ್ದಾರೆಂದು ಊರೆಲ್ಲ ಅವನ್ನು ಆರಿಸಿ ಎಸೆಯುತ್ತಿತ್ತು. "ಅದು ವಿಟಮಿನ್ ಕಾಳು ಕಣವ್ವಾ, ಬೇಕಂತ್ಲೇ ಹಾಕಿರ್ತಾರೆ," ಎಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದ ಭೂಮಿಕಾ ಎಷ್ಟು ಹೇಳಿದರೂ ಜವರಮ್ಮ ಕೇಳಿದವಳಲ್ಲ. ಇವತ್ತು ಆರಿಸಲು ಪುರುಸೊತ್ತೆಲ್ಲಿ? ಹಾಗೇ ತೊಳೆದು ಇನ್ನೊಂದು ಪಾತ್ರೆಗೆ ಸುರಿದಳು.

ಹುಡುಗನ ತಾಯಿ ಪ್ರೇಮಮ್ಮ ಕಡೂರಿನಲ್ಲಿ ಹೆಡ್‌ಮಿಸ್ ಆಗಿ ರಿಟೈರಾದವರು. ಕುರ್ಚಿಯ ಮೇಲೆ ಬೆರಳಾಡಿಸಿ, ಧೂಳು ನೋಡಿಕೊಂಡೇ ಕೂತರು. ಎರಡೂ ಮನೆಯಲ್ಲಿ ಅದೇ ಬುದ್ಧನ ಪಟ. ಅವರದಕ್ಕೆ ಲೈಟಿನ ಸರವಿದೆಯಂತೆ, ಅಷ್ಟೇ ವ್ಯತ್ಯಾಸ.

"ಊಟದ ವಿಷ್ಯದಲ್ಲಿ ನಾವು ಸ್ವಲ್ಪ ಸೂಕ್ಷ್ಮ ಕಣ್ರೀ. ಮನೇಲಿ ಎರಡು ಫ್ರಿಜ್ ಇಟ್ಟಿದೀವಿ," ಎಂದರು.

"ಇದೂ ನಿಮ್ಮನೇನೇ ಅನ್ಕೊಳ್ಳಿ ಅಕ್ಕಾ," ಎಂದಳು ಜವರಮ್ಮ. ಪಾಪ, ಇನ್ನೇನು ಹೇಳಿಯಾಳು!

ಬಾಳೆ ಎಲೆ ಬಿದ್ದವು. ಮುದ್ದೆ, ಕೋಳಿಸಾರು ಮುಗಿದು ಅನ್ನ ಬಂತು. ಮೊದಲ ಸಲ ಸಣ್ಣಕ್ಕಿಯದು. ಎರಡನೇ ಸಲ ಜವರಮ್ಮ ಸೊಸೈಟಿ ಅಕ್ಕಿಯದನ್ನು ಬಡಿಸಿದಳು. ಅವರು ಹೊಸ ಸೈಟಿನ ಮಾತಾಡುತ್ತ, ನಗುತ್ತ ಉಣ್ಣುತ್ತಲೇ ಇದ್ದರು. ಸದ್ಯ, ಬಚಾವು ಎಂದು ಅವಳು ಮೊಸರಿನ ಪಾತ್ರೆಗೆ ಕೈಹಾಕಿದಳು.

"ಇದೇನ್ರೀ ಇದು?" ಪ್ರೇಮಮ್ಮ ಒಂದು ಬಿಳಿಕಾಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು. "ಸೊಸೈಟಿ ಅಕ್ಕಿನಾ? ಬೀಗರಿಗೆ ಇದನ್ನ ಇಕ್ತೀರಾ?"

"ಜನ ಜಾಸ್ತಿ ಆಗ್ಬಿಟ್ರು ಅಕ್ಕಾ... ತಪ್ಪಾಯ್ತು."

"ನಮ್ಮನೇಲಿ ಇದನ್ನ ಕೋಳಿಗೂ ಹಾಕಲ್ಲ!"

ಮೊಸರಿಗೂ ಕಾಯದೆ ಎದ್ದರು. ಹಿಂದೆಯೇ ಉಳಿದವರೂ ಎದ್ದರು. ಭೂಮಿಕಾ ತಾಂಬೂಲದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು. ವಿಜಯ್ ಒಮ್ಮೆ ಅವಳತ್ತ ನೋಡಿದ, ಒಮ್ಮೆ ಅಮ್ಮನತ್ತ ನೋಡಿದ, ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದ. ಥೂ, ಗಂಡಸೇ! ಆಟೊ ಹೊರಟುಹೋದವು.

ಜವರಮ್ಮನಿಗೆ ಅಳುವೂ ಬರಲಿಲ್ಲ. ಎಲೆ ಎತ್ತಲು ಬಗ್ಗಿದಳು. ಪ್ರೇಮಮ್ಮನ ಎಲೆಯ ಮೇಲಂಚಿಗೆ, ಉಪ್ಪಿನ ಪಕ್ಕ, ಬಿಳಿಕಾಳುಗಳು ಓರಣವಾಗಿ ಕೂತಿದ್ದವು. ಪಕ್ಕದ ಎಲೆಯಲ್ಲೂ ಹಾಗೇ. ವಿಜಯನದರಲ್ಲೂ. ಅಷ್ಟೂ ಎಲೆಗಳಲ್ಲಿ, ಮಾತಾಡುತ್ತಾ ನಗುತ್ತಾ, ನೋಡದೆಯೇ ಹೆಬ್ಬೆರಳಲ್ಲಿ ತಳ್ಳಿದ ಕಾಳು. ದಿನಾ ತಿಂದು ರೂಢಿಯಿಲ್ಲದ ಕೈಗೆ ಈ ಕೆಲಸ ಬರುವುದಿಲ್ಲ.

"ಏನವ್ವಾ ನೋಡ್ತಾ ನಿಂತಿದೀಯ?" ಭೂಮಿಕಾ ಮುಡಿದ ಹೂ ಬಿಚ್ಚುತ್ತಿದ್ದಳು.

ಜವರಮ್ಮ ಹೇಳಬೇಕೆಂದು ಬಾಯಿ ತೆರೆದಳು. ಹೇಳಿ ಏನು ಬಂತು? "ಏನಿಲ್ಲ ಬಾ, ಉಣ್ಣು."

ಇಬ್ಬರೂ ಒಲೆಯ ಮುಂದೆ ಕೂತರು. ಮಗಳು ತಲೆಯೆತ್ತದೆ, ಕಣ್ಣೀರೊರೆಸಿಕೊಳ್ಳದೆ, ಬಡಿಸಿದ್ದನ್ನೆಲ್ಲ ಕಲಸಿ ನುಂಗುತ್ತಿದ್ದಳು. ಜವರಮ್ಮ ಅವಳನ್ನೇ ನೋಡುತ್ತಿದ್ದಳು. ಜವರಮ್ಮನ ಹೆಬ್ಬೆರಳು ಮಾತ್ರ ತನ್ನ ಪಾಡಿಗೆ ತಾನು ಒಂದು ಬಿಳಿಕಾಳನ್ನು ತಟ್ಟೆಯ ಅಂಚಿಗೆ ತಳ್ಳಿತು.