ಬಿಸಿಲಿಗೆ ಹಚ್ಚಿದ ಬಿಳಿ ಮುಲಾಮು

ನಮ್ಮ ಬೈರಣ್ಣ ಚಿಕ್ಕಪ್ಪನಿಗೆ ಬಿಳಿ ದೊರೆಗಳಿದ್ದ ದಂಡಿನ ಕಡೆ ಒಂದು ಕ್ಲಬ್ಬಿನಲ್ಲಿ, ಈಜುಕೊಳದ ಹತ್ತಿರ ಟವಲು ಕೊಡುವ ಕೆಲಸ ಸಿಕ್ಕಿದ್ದೇ ತಡ, ಸೂರ್ಯನೂ ಅವನ ಕೈಕೆಳಗಿನ ಜವಾನನಾಗಿಬಿಟ್ಟ. ದೊರೆಗಳು ಮೈಗೆ ಏನೇನು ಬಳಿದುಕೊಳ್ಳುತ್ತಾರೆ ಅಂತ ಕಂಡಕಂಡವರಿಗೆಲ್ಲ ಪಾಠ. ಎಣ್ಣೆ ಹಚ್ಚಿದರೆ ಮೈ ಹದವಾಗಿ ಕೆಂಪಾಗುತ್ತದಂತೆ. ಬಿಳಿ ಸತುವಿನ ಮುಲಾಮು ಹಚ್ಚಿದರೆ ಬಿಸಿಲಿಗೆ ಬಂದ ದಾರಿಗೆ ಸುಂಕವಿಲ್ಲವಂತೆ.

ಜಯನಗರ ಬಡಾವಣೆಗೆ ಸೈಟಿನ ಕಲ್ಲು ನೆಟ್ಟು ಮಿಕ್ಕಿದ್ದ ನಮ್ಮ ತುಂಡು ಜಮೀನಿನಲ್ಲಿ ನನ್ನ ತಂಗಿ ನಾರಾಯಣಮ್ಮ ಸೊಪ್ಪು ಬೆಳೆದು ಸಂತೆಯಲ್ಲಿ ಮಾರುತ್ತಿದ್ದಳು. ಕಪ್ಪಗಿದ್ದಳು, ನಿಜ. ಉತ್ತರಹಳ್ಳಿಯ ಸೊಣ್ಣಮ್ಮ ಮಗನಿಗೆ ಹೆಣ್ಣು ನೋಡಲು ಬರುತ್ತಾರೆಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಆ ಹುಡುಗ ಸಂತೆಯಲ್ಲಿ ಅವಳ ಹತ್ತಿರವೇ ಸೊಪ್ಪು ಕೊಳ್ಳುತ್ತಿದ್ದ. ಅದು ನನಗೊಬ್ಬಳಿಗೇ ಗೊತ್ತು. ಮನೆಯಲ್ಲಿ ಬಾಯಿಬಿಟ್ಟರೆ ಮಾನ ಹೋಗುತ್ತಿತ್ತು.

"ಈ ಕಪ್ಪು ನೋಡುದ್ರೆ ಓಡೋಗ್ತಾರೆ," ಎಂದ ಚಿಕ್ಕಪ್ಪ ಒಂದು ಡಬ್ಬಿ ಮುಲಾಮು ತಂದ. ದಿನಾ ಬಳಿಸಿದ. ಅವಳ ಕೆನ್ನೆ ತುಂಬ ಗುಳ್ಳೆ ಎದ್ದವು. ಮುಖ ತೊಳೆದ ನೀರು ಬಿದ್ದು ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಜಿಡ್ಡು ಕಟ್ಟಿತು, ಎಮ್ಮೆ ಮೂಸಿ ಮುಖ ತಿರುಗಿಸಿತು. ಆ ಎಮ್ಮೆಗಿದ್ದ ಬುದ್ಧಿ ನಮ್ಮ ಮನೆಯ ಗಂಡಸಿಗಿರಲಿಲ್ಲ.

ತಾಯಿ ಮಗ ಬಂದ ದಿನ ಗುಳ್ಳೆ ಮುಚ್ಚಲು ಇನ್ನೂ ದಪ್ಪಗೆ ಮೆತ್ತಿಸಿದ. ನಾರಾಯಣಮ್ಮ ಬಂದು ಸೊಣ್ಣಮ್ಮನ ಕಾಲಿಗೆ ಬಿದ್ದಳು. ಸೊಣ್ಣಮ್ಮ ಅಕ್ಕರೆಯಿಂದ ಅವಳ ಎರಡೂ ಕೆನ್ನೆ ನೀವಿ, ಬೆರಳು ತಮ್ಮ ಕಪಾಲಕ್ಕೊತ್ತಿ, ದೃಷ್ಟಿ ಹೋಗಲೆಂದು ನೆಟಿಗೆ ಮುರಿದರು. ತಂಗಿಯ ಕೆನ್ನೆಯಲ್ಲಿ ಕಪ್ಪು ಪಟ್ಟೆ, ಸೊಣ್ಣಮ್ಮನ ಕಪಾಲದಲ್ಲಿ ಬಿಳಿ ಪಟ್ಟೆ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸೊಣ್ಣಮ್ಮ ಕೈ ನೋಡಿಕೊಂಡರು. "ಹುಡುಗಿ ಕಪ್ಪು ಅಂತ ನನ್ ಮಗ ಹೇಳೇ ಇದ್ದ. ಬಿಸ್ಲಲ್ಲಿ ದುಡಿಯೋಳು ಅಂತ್ಲೇ ಬಂದ್ವಿ. ಬಣ್ಣಾನೇ ಮುಚ್ಚಿಟ್ಟೋರು ಇನ್ನೇನೇನು ಮುಚ್ಚಿಟ್ಟಿದ್ದೀರೋ ತಾಯಿ!"

ಹುಡುಗ ಏನೋ ಹೇಳಲು ಬಾಯಿ ತೆರೆದ. ತಾಯಿ ಅವನ ತೋಳು ಹಿಡಿದು ಎಬ್ಬಿಸಿದರು. ಕಾಫಿ ಲೋಟಗಳು ಹಾಗೇ ಉಳಿದವು.

ಚಿಕ್ಕಪ್ಪ ಮಾತ್ರ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಮೆತ್ತಿದ್ದು ಸಾಲ್ಲಿಲ್ಲ. ಮುಂದಿನ್ ಸಲ ಇನ್ನೂ ದಪ್ಪಕ್ಕೆ ಹಚ್ಚನ."

ನಾರಾಯಣಮ್ಮ ಸೆರಗಿನಿಂದ ಮುಖ ಉಜ್ಜಿಕೊಂಡಳು, ಗುಳ್ಳೆ ಒಡೆದು ರಕ್ತ ಬರುವ ಹಾಗೆ.

"ನೀನೇ ಹಚ್ಕೋ ಚಿಕ್ಕಪ್ಪ," ಎಂದಳು. "ನನ್ ಮುಖ ಒಬ್ರಿಗಾದ್ರೂ ಹಿಡಿಸಿತ್ತು. ಅವ್ರು ಬಂದಾಗ್ಲೇ ನೀನು ಅದನ್ನ ಬಚ್ಚಿಟ್ಟೆ."